ನೊಣ ಬರುವ ಮೊದಲು ಒಣಗಬೇಕಾದ ಮೀನು

(ಕುಂದಾಪುರ ಕಡೆಯ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೇಳಲು ಬಂದವರಲ್ಲಿ ಮೀನುಗಾರಿಕೆಯ ಮನೆಯವರೇ ಜಾಸ್ತಿ ಇದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ನೀವು ನಡುನಡುವೆ ಕೇಳಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ತುಂಡನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಕೈಯಿಂದ ಕೈಗೆ ದಾಟಿಸಿ. ಬೆರಳಿನಿಂದ ಬಡಿದು ನೋಡಿ, ಮೂಸಿ ನೋಡಿ. ಕಟ್ಟಿಗೆಯ ಹಾಗೆ ಸದ್ದು ಮಾಡುತ್ತದೆ, ಆದರೆ ಇದು ಮೀನು. ನಾನು 2019ರಲ್ಲಿ ತಂದದ್ದು. ಫ್ರಿಜ್ಜಿನಲ್ಲಿ ಇಟ್ಟಿಲ್ಲ, ಅಡುಗೆಮನೆಯ ಅಟ್ಟದ ಮೇಲೆ ಕಾಗದ ಸುತ್ತಿ ಇಟ್ಟಿದ್ದೆ. ಇನ್ನೂ ಹೀಗೇ ಇದೆ.

ನನ್ನಜ್ಜಿ ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಮನೆಮನೆಗೆ ಮೀನು ಮಾರಿದವರು. ಮಾರಿ ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹಾಗಾಗಿ ಒಣಮೀನಿನ ಬಗ್ಗೆ ನನಗೆ ಗೊತ್ತಿರುವುದು ಎರಡು ಕಡೆಯಿಂದ: ಮೂಗಿನಿಂದ ಸ್ವಲ್ಪ, ಪುಸ್ತಕದಿಂದ ಸ್ವಲ್ಪ.

ಮಗಳು ಆಸ್ಲೋದಲ್ಲಿ ಕೆಲಸ ಮಾಡುತ್ತಾಳೆ. ಆ ವರ್ಷ ಜೂನ್‌ನಲ್ಲಿ ನಾನು ಹೋದಾಗ, "ಅಮ್ಮ, ಫ್ಯೋರ್ಡ್ ನೋಡೋಣ್ವಾ, ಹಡಗಿನಲ್ಲಿ ಹೋಗೋಣ್ವಾ?" ಅಂತ ಕೇಳಿದಳು. ನಾನು, ಟೂರಿಸ್ಟ್ ಬಸ್ ನಿಲ್ಲದ ಒಂದು ಮೀನುಗಾರರ ಊರಿಗೆ ಕರೆದುಕೊಂಡು ಹೋಗು ಅಂದೆ. ಅವಳು ನಕ್ಷೆ ತೆಗೆದು, ನಾರ್ವೆ ಮುಗಿದು ರಷ್ಯಾ ಶುರುವಾಗುವ ಮೂಲೆಗೆ ಬೆರಳಿಟ್ಟಳು. ವರಾಂಗರ್ ಅಂತ ಆ ಜಾಗದ ಹೆಸರು. 70 ಡಿಗ್ರಿ ಅಕ್ಷಾಂಶದ ಮೇಲೆ. ನಮ್ಮ ಕುಂದಾಪುರ ಇರುವುದು 13ರ ಮೇಲೆ, ಲೆಕ್ಕ ಹಾಕಿ. ಅಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಹುಟ್ಟುವುದಿಲ್ಲ.

ಆಸ್ಲೋದಿಂದ ಕಿರ್ಕೆನೆಸ್‌ಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಅಲ್ಲಿ ಎರಡು ಊರುಗಳಿವೆ: ಒಂದು ವಾಡ್ಸೋ, ಇನ್ನೊಂದು ವಾರ್ಡೋ. ಒಂದು ಅಕ್ಷರದ ವ್ಯತ್ಯಾಸ. ರೂಮ್ ಬುಕ್ ಮಾಡಿದ್ದು ವಾಡ್ಸೋದಲ್ಲಿ ಅಂದುಕೊಂಡು ರಾತ್ರಿ ಹನ್ನೊಂದಕ್ಕೆ ಹೋಗಿ ನಿಂತರೆ, ಆಗಿದ್ದು ವಾರ್ಡೋದಲ್ಲಿ. ಇನ್ನೂ 75 ಕಿಲೋಮೀಟರ್. ಮಗಳ ಮುಖ ಸಣ್ಣದಾಯಿತು. ನನಗೇನೂ ಬೇಜಾರಾಗಲಿಲ್ಲ, ಯಾಕೆಂದರೆ ರಾತ್ರಿ ಹನ್ನೊಂದು ಅನ್ನುವುದು ಗಡಿಯಾರದಲ್ಲಿ ಮಾತ್ರ ಇತ್ತು. ಹೊರಗೆ ಸಂಜೆ ಐದು ಗಂಟೆಯ ಬಿಸಿಲು. ಆ ತಪ್ಪಿನಿಂದಲೇ ನಾವು ಎಕ್ಕೆರೋಯ್ ದಾಟಿ ಹೋದೆವು, ಎರಡನೇ ದಿನ ಅಲ್ಲಿಗೇ ವಾಪಸ್ ಬಂದೆವು.

ಎಕ್ಕೆರೋಯ್ ವಾಡ್ಸೋದಿಂದ ಹದಿನೈದು ಕಿಲೋಮೀಟರ್ ಪೂರ್ವಕ್ಕೆ. ಮೊದಲು ದ್ವೀಪವಾಗಿತ್ತು. ಈಗ ಮರಳಿನ ಒಂದು ಕುತ್ತಿಗೆ ಅದನ್ನು ನೆಲಕ್ಕೆ ಕಟ್ಟಿಹಾಕಿದೆ. ಮರ ಒಂದೂ ಇಲ್ಲ. ಹುಲ್ಲು, ಕಲ್ಲು, ಗಾಳಿ, ಮರದ ಹಲಗೆಯ ಮನೆಗಳು. ಒಂದೆರಡು ಹಳೆಯ ಮನೆಗಳ ಮುಂದೆ ನಿಂತು ಮಗಳು, "ಇವು ಇರುವುದೇ ದೊಡ್ಡ ವಿಷಯ ಅಮ್ಮ" ಅಂದಳು. 1944ರಲ್ಲಿ ಜರ್ಮನ್ ಸೈನ್ಯ ರಷ್ಯನ್ನರಿಗೆ ಹೆದರಿ ಹಿಂದೆ ಸರಿಯುವಾಗ ಆ ಸೀಮೆಯ ಮನೆ, ದೋಣಿ, ಜೆಟ್ಟಿ, ಮೀನು ಒಣಗಿಸುವ ಚೌಕಟ್ಟು, ಎಲ್ಲಕ್ಕೂ ಬೆಂಕಿ ಹಚ್ಚುತ್ತಾ ಹೋಯಿತು. ಸುಮಾರು 50,000 ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸಿದರು. ಸುಡದೆ ಉಳಿದ ಬೆರಳೆಣಿಕೆಯ ಊರುಗಳಲ್ಲಿ ಎಕ್ಕೆರೋಯ್ ಒಂದು.

ದಕ್ಕೆಯ ಹತ್ತಿರ ಒಂದು ಕುಟುಂಬ ನಡೆಸುತ್ತಿದ್ದ ಹಳೆಯ ಮೀನು ವ್ಯಾಪಾರದ ಕಟ್ಟಡಗಳಿವೆ. ಈಗ ಮ್ಯೂಸಿಯಂ. ಅಂಗಡಿ, ಬಲೆ ಇಡುವ ಕೋಣೆ, ಮೀನಿನ ಲಿವರ್ ಬೇಯಿಸಿ ಎಣ್ಣೆ ತೆಗೆಯುವ ಜಾಗ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ನೆನಪಿರಬೇಕು, ಚಿಕ್ಕಂದಿನಲ್ಲಿ ಹಳದಿ ಗುಳಿಗೆ ನುಂಗಿಸುತ್ತಿದ್ದರು, ಕಾಡ್ ಲಿವರ್ ಆಯಿಲ್ ಅಂತ. ತೇಗಿದರೆ ದಿನವಿಡೀ ಮೀನು. ಅದು ಬರುತ್ತಿದ್ದದ್ದು ಇಂಥ ಕಡೆಯ ಕಡಲಿನ ಮೀನಿನಿಂದ. ಆ ಕೋಣೆಯ ಮರದ ಗೋಡೆಯನ್ನು ಮೂಸಿದರೆ ಇನ್ನೂ ಅದೇ ವಾಸನೆ. ನಾನು ಮೂಸಿದೆ, ಮಗಳು ಬೇರೆ ಕಡೆ ನೋಡಿದಳು.

ಅಲ್ಲಿ ಕೇಳಿದ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಆ ಸೀಮೆಯಲ್ಲಿ ಹುಲ್ಲು ಸಾಲುವುದಿಲ್ಲ, ಚಳಿಗಾಲ ಉದ್ದ. ಹಾಗಾಗಿ ಮೀನಿನ ತಲೆ, ಕಡಲ ಪಾಚಿ, ಸ್ವಲ್ಪ ಒಣಹುಲ್ಲು ಎಲ್ಲ ಸೇರಿಸಿ ದೊಡ್ಡ ಹಂಡೆಯಲ್ಲಿ ಬೇಯಿಸಿ ದನಕ್ಕೆ ಕೊಡುತ್ತಿದ್ದರು. ಅಂದರೆ ಕಲಗಚ್ಚು, ಮೀನಿನ ಕಲಗಚ್ಚು! ಹಾಲು ಮೀನು ವಾಸನೆ ಬರುತ್ತಿರಲಿಲ್ವಾ ಅಂತ ಕೇಳಿದೆ. ಅಲ್ಲಿದ್ದ ಹುಡುಗಿ ನಕ್ಕು, ಇಲ್ಲಿ ಯಾವುದಕ್ಕೆ ಮೀನು ವಾಸನೆ ಇಲ್ಲ ಅಂತ ನನ್ನನ್ನೇ ಕೇಳಿದಳು.

ಈಗ ನಿಮ್ಮ ಕೈಯಲ್ಲಿರುವ ತುಂಡಿನ ವಿಷಯ. ಹಿಂದಿನ ಸಾಲಿನಲ್ಲಿ ಯಾರೋ "ಉಪ್ಪಿಲ್ಲ" ಅಂದರಲ್ವಾ? ಸರಿಯಾಗಿ ಹೇಳಿದಿರಿ. ಒಂದು ಚಿಟಿಕೆ ಉಪ್ಪೂ ಇಲ್ಲ. ಕಾಡ್ ಮೀನಿನ ತಲೆ ಕತ್ತರಿಸಿ, ಹೊಟ್ಟೆ ತೆಗೆದು, ಎರಡೆರಡನ್ನು ಬಾಲಕ್ಕೆ ಕಟ್ಟಿ ಮರದ ಚೌಕಟ್ಟಿಗೆ ನೇತುಹಾಕುತ್ತಾರೆ. ಆ ಚೌಕಟ್ಟಿಗೆ 'ಯೆಲ್' ಅನ್ನುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಗಾಳಿಯೇ ಒಣಗಿಸುತ್ತದೆ. ಚಳಿ ಜಾಸ್ತಿಯಾದರೆ ಮೀನು ಹೆಪ್ಪುಗಟ್ಟಿ ಒಡೆಯುತ್ತದೆ, ಬಿಸಿಯಾದರೆ ಕೊಳೆಯುತ್ತದೆ. ಸೊನ್ನೆ ಡಿಗ್ರಿಯ ಆಚೀಚೆ ಇರಬೇಕು. ಒಣಗಿ ಮುಗಿದಾಗ ತೂಕ ಐದರಲ್ಲಿ ಒಂದು ಪಾಲು. ತಲೆಗಳನ್ನೂ ಬಿಡುವುದಿಲ್ಲ. ಬೇರೆಯಾಗಿ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ, ಅಲ್ಲಿ ಸಾರಿಗೆ ಅದೇ ಬೇಕು.

ಬೇಸಿಗೆ ಬಂತೋ, ನೊಣ ಬಂತು. ನೊಣ ಬಂದ ಮೇಲೆ ನೇತುಹಾಕಿದ ಮೀನಿನಲ್ಲಿ ಹುಳು. ಹಳಬರು ಆ ಸಮಯಕ್ಕೆ 'ಹುಳುವಿನ ಕಾಲ' ಅಂತಲೇ ಹೆಸರಿಟ್ಟಿದ್ದರು. ಕಡಲಲ್ಲಿ ಮೀನು ತುಂಬಾ ಇದೆ, ಒಣಗಿಸಲು ಆಗುವುದಿಲ್ಲ. ಏನು ಮಾಡುವುದು? ಆ ಹೊತ್ತಿಗೆ ಸರಿಯಾಗಿ ರಷ್ಯಾದ ಬಿಳಿ ಸಮುದ್ರದ ಕಡೆಯಿಂದ ಪೊಮೋರ್ ವ್ಯಾಪಾರಿಗಳು ಹಡಗಿನಲ್ಲಿ ರೈ ಎಂಬ ಧಾನ್ಯದ ಹಿಟ್ಟು ತುಂಬಿಕೊಂಡು ಬರುತ್ತಿದ್ದರು. ಹಿಟ್ಟು ಇಳಿಸಿ, ಹಸಿ ಮೀನು ಕೊಂಡು, ಅಲ್ಲೇ ಹಡಗಿನಲ್ಲಿ ಉಪ್ಪು ಹಾಕಿಕೊಳ್ಳುತ್ತಿದ್ದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಎರಡನ್ನೂ ಬೆರೆಸಿ ನಾನೂರು ಶಬ್ದಗಳ ಒಂದು ಮಾರ್ಕೆಟ್ ಭಾಷೆ ಮಾಡಿಕೊಂಡರು. ಅದರ ಹೆಸರು 'ಮೋಯಾ ಪೋ ತ್ವೋಯಾ', ಅಂದರೆ 'ನನ್ನದು ನಿನ್ನದರಲ್ಲಿ' ಅಂದ ಹಾಗೆ. ನಮ್ಮ ಬಂದರಿನಲ್ಲಿ ಕನ್ನಡ, ಕೊಂಕಣಿ, ತುಳು, ಮಲಯಾಳ ಎಲ್ಲ ಒಂದೇ ವಾಕ್ಯದಲ್ಲಿ ಬರುತ್ತದಲ್ಲ, ಹಾಗೆ. 1917ರ ರಷ್ಯಾದ ಕ್ರಾಂತಿಯ ಹೊತ್ತಿಗೆ ಆ ವ್ಯಾಪಾರ ನಿಂತಿತು, ಭಾಷೆಯೂ ಹೋಯಿತು.

ಇನ್ನು ಹಕ್ಕಿ. ಎಕ್ಕೆರೋಯ್‌ನಲ್ಲಿ ಕಾರಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಸದ್ದು. ದೂರದಲ್ಲಿ ಶಾಲೆಯ ಆಟದ ಬಿಡುವಿನಂಥ ಗಲಾಟೆ. ಆಮೇಲೆ ವಾಸನೆ. ಕೋಳಿಗೂಡು ಮತ್ತು ಒಣಮೀನಿನ ಅಂಗಳ ಎರಡನ್ನೂ ಸೇರಿಸಿ ಅದರ ಮೇಲೆ ಅಮೋನಿಯಾ ಸುರಿದ ಹಾಗೆ. ಕಡಲಿಗೆ ಮುಖ ಮಾಡಿದ ಒಂದು ಕಪ್ಪು ಬಂಡೆ, ಅದರ ತುಂಬಾ ಸುಣ್ಣ ಚೆಲ್ಲಿದ ಗುರುತು. ಕಣ್ಣು ಹೊಂದಿಕೊಂಡ ಮೇಲೆ ಗೊತ್ತಾಯಿತು, ಒಂದೊಂದು ಬಿಳಿ ಚುಕ್ಕಿಯೂ ಗೂಡಿನಲ್ಲಿ ಕೂತ ಹಕ್ಕಿ.

ಅದು ಕಿಟ್ಟಿವೇಕ್. ಗಲ್ ಎಂಬ ಕಡಲ ಹಕ್ಕಿಗಳಲ್ಲಿ ಸಣ್ಣ ಜಾತಿ, ಬಿಳಿ ಮೈ, ಬೂದು ರೆಕ್ಕೆ, ರೆಕ್ಕೆಯ ತುದಿ ಮಾತ್ರ ಇಂಕಿನಲ್ಲಿ ಅದ್ದಿ ತೆಗೆದ ಹಾಗೆ ಕಪ್ಪು. "ಕಿಟ್ಟಿ-ವೇ-ಕ್" ಅಂತ ಕೂಗುವುದರಿಂದ ಇಂಗ್ಲಿಷಿನವರು ಇಟ್ಟ ಹೆಸರು. ನಾನು ಬೈನಾಕ್ಯುಲರ್ ಹಿಡಿದು ಒಂದೇ ಗೂಡನ್ನು ಅರ್ಧ ಗಂಟೆ ನೋಡಿದೆ. ಗೋಡೆಗೆ ಹೊಡೆದ ಸೋಪಿನ ಸ್ಟ್ಯಾಂಡಿನಷ್ಟು ಅಗಲದ ಕಲ್ಲಿನ ಚಾಚು. ಅದರ ಮೇಲೆ ಮಣ್ಣು ಮತ್ತು ಹುಲ್ಲು ಮೆತ್ತಿ ಮಾಡಿದ ಬಟ್ಟಲು. ಒಳಗೆ ಎರಡು ಮೊಟ್ಟೆ. ಜೊತೆಗಾರ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಬಂತು. ಕೂತದ್ದು ಎದ್ದಿತು, ಇಬ್ಬರೂ ಕತ್ತು ಮೇಲೆ ಕೆಳಗೆ ಮಾಡಿ ಕೂಗಾಡಿದರು, ಜಾಗ ಬದಲಾಯಿಸಿದರು. ಹೊಸದಾಗಿ ಕೂತದ್ದು ಕಾಲಿನಿಂದ ಮಣ್ಣನ್ನು ಪಟಪಟ ತುಳಿದು ಗಟ್ಟಿ ಮಾಡಿತು. ಅಷ್ಟರಲ್ಲಿ ಪಕ್ಕದ ಗೂಡಿನದು ಕತ್ತು ಚಾಚಿ ಆ ಹೊಸ ಹುಲ್ಲಿನ ಎಳೆಯನ್ನು ಸದ್ದಿಲ್ಲದೆ ಎಳೆದುಕೊಂಡಿತು. ನಾನು ಜೋರಾಗಿ ನಕ್ಕುಬಿಟ್ಟೆ. ವಠಾರದಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ.

ಬೇರೆ ಗಲ್ ಹಕ್ಕಿಗಳ ಮರಿಗಳು ಹುಟ್ಟಿದ ಕೆಲವೇ ದಿನಕ್ಕೆ ಓಡಾಡುತ್ತವೆ. ಕಿಟ್ಟಿವೇಕ್ ಮರಿ ಅಲ್ಲಾಡುವುದಿಲ್ಲ. ಬಂಡೆಗೆ ಮುಖ ಮಾಡಿ ಸುಮ್ನೆ ಕೂತಿರುತ್ತದೆ. ಓಡಿದ ಮರಿಗಳು ಬಿದ್ದು ಸತ್ತವು, ಕೂತವು ಉಳಿದವು. ಈ ಪಾಠವನ್ನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಮಾಡಿದ್ದೇನೆ. ಕಣ್ಣಾರೆ ನೋಡಲು ನಿವೃತ್ತಿ ಆಗಬೇಕಾಯಿತು.

ಮರುದಿನ ವಾರ್ಡೋದಿಂದ ಹೋರ್ನೋಯಾ ದ್ವೀಪಕ್ಕೆ ಹೋದೆವು. ದೋಣಿಯಲ್ಲಿ ಹತ್ತೇ ನಿಮಿಷ. ಅಲ್ಲಿ ಮನುಷ್ಯರ ಊರಿಲ್ಲ, ಹಕ್ಕಿಗಳದ್ದೇ ಊರು, ಮೇಲೆ ಒಂದು ಲೈಟ್‌ಹೌಸ್. ದಾರಿ ಬಿಟ್ಟು ಕಾಲಿಡಬೇಡಿ ಅಂತ ದೋಣಿಯವರು ಎರಡು ಸಲ ಹೇಳಿದರು, ಹುಲ್ಲಿನ ಕೆಳಗೆ ಪಫಿನ್ ಹಕ್ಕಿ ಬಿಲ ತೋಡಿರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಟೋಪಿ ಹಾಕಿಕೊಳ್ಳಿ ಅಂತಲೂ ಹೇಳಿದರು. ನಾನು ಶಾಲು ಸಾಕು ಅಂದುಕೊಂಡೆ. ಆ ಶಾಲನ್ನು ಅಲ್ಲೇ ಒಂದು ಕವರಿಗೆ ಹಾಕಿ ಬಿಸಾಡಬೇಕಾಯಿತು, ಬಿಡಿ.

ಪಫಿನ್‌ನ ಫೋಟೋ ಎಲ್ಲರೂ ನೋಡಿರುತ್ತೀರಿ, ಬಣ್ಣದ ಕೊಕ್ಕಿನದು. ಚಂದ ಇದೆ, ನಿಜ. ಆದರೆ ನನ್ನ ಮನಸ್ಸು ಹೋದದ್ದು ಗಿಲ್ಲೆಮಾಟ್ ಎಂಬ ಹಕ್ಕಿಯ ಮೇಲೆ. ಅಲ್ಲಿನವರು 'ಲೋಮ್ವಿ' ಅನ್ನುತ್ತಾರೆ. ಗೂಡೇ ಕಟ್ಟುವುದಿಲ್ಲ. ಶನಿವಾರ ಸಂಜೆಯ ಬಸ್ಸಿನ ಹಾಗೆ ಭುಜಕ್ಕೆ ಭುಜ ತಾಗಿಸಿ ಬಂಡೆಯ ಅಂಚಿನಲ್ಲಿ ನಿಲ್ಲುತ್ತವೆ. ಬರಿ ಕಲ್ಲಿನ ಮೇಲೆ ಒಂದೇ ಮೊಟ್ಟೆ. ಒಂದರ ಮೊಟ್ಟೆಯ ಬಣ್ಣ, ಗೀಟು ಇನ್ನೊಂದರ ಹಾಗಿಲ್ಲ. ಅಷ್ಟು ಜನಜಂಗುಳಿಯಲ್ಲಿ ತನ್ನದು ಯಾವುದು ಅಂತ ತಾಯಿ ತಂದೆ ಅದರಿಂದಲೇ ಗುರುತು ಹಿಡಿಯುತ್ತವೆ. ಮೊಟ್ಟೆ ಒಂದು ತುದಿಯಲ್ಲಿ ಚೂಪು. ಉರುಳಿದರೆ ನೇರ ಕೆಳಗೆ ಬೀಳದೆ ಸುತ್ತು ಹೊಡೆಯಲಿ ಅಂತ ಆ ಆಕಾರ, ಹೀಗೆ ನಾನೂ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಇಳಿಜಾರಿನಲ್ಲಿ ಅಲುಗದೆ ನಿಲ್ಲಲು ಆ ಆಕಾರ ಅನುಕೂಲ ಅಂತ ಈಚಿನ ಸಂಶೋಧನೆ ಹೇಳುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ ತಿದ್ದಿಕೊಳ್ಳಿ.

ಮರಿಗೆ ಮೂರು ವಾರ ಆಗುವಾಗ, ರೆಕ್ಕೆ ಇನ್ನೂ ಸರಿಯಾಗಿ ಬಲಿಯುವ ಮೊದಲೇ, ಅದು ಬಂಡೆಯಿಂದ ಹಾರಿಕೊಳ್ಳುತ್ತದೆ. ಹಾರುವುದಲ್ಲ, ಬೀಳುವುದು. ಕೆಳಗೆ ನೀರಿನಲ್ಲಿ ಅಪ್ಪ ಕೂಗಿ ಕರೆಯುತ್ತಿರುತ್ತದೆ. ಆಮೇಲೆ ಇಬ್ಬರೂ ಈಜಿಕೊಂಡು ಕಡಲಿಗೆ ಹೋಗುತ್ತಾರೆ. ಸಾಕುವುದು ಅಪ್ಪನ ಕೆಲಸ.

ಈ ಎರಡು ಹಕ್ಕಿಗಳ ಕಸುಬಿನಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ನಿಮಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಗಿಲ್ಲೆಮಾಟ್ ನೂರು ಮೀಟರಿಗಿಂತ ಆಳಕ್ಕೆ ಮುಳುಗಿ ಮೀನು ಹಿಡಿಯುತ್ತದೆ. ಅದು ಆಳಸಮುದ್ರದ ಬೋಟು. ಕಿಟ್ಟಿವೇಕ್‌ಗೆ ನೀರಿನ ಮೇಲ್ಮೈಯಲ್ಲಿ ಸಿಕ್ಕಿದ್ದೇ ಪಾಲು. ಅದು ದಡದಲ್ಲಿ ನಿಂತು ಬೀಸುಬಲೆ ಹಾಕುವವ. ಮೀನು ಸ್ವಲ್ಪ ಕೆಳಗೆ ಹೋದರೆ ಬೋಟಿನವನಿಗೆ ಇನ್ನೂ ಸಿಗುತ್ತದೆ, ಬೀಸುಬಲೆಯವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಇಬ್ಬರೂ ಕಾಯುವ ಮೀನು ಮುಖ್ಯವಾಗಿ ಒಂದೇ. ಕ್ಯಾಪೆಲಿನ್, ಅಲ್ಲಿನವರ ಮಾತಿನಲ್ಲಿ 'ಲೊದ್ದೆ'. ಗೇಣುದ್ದವೂ ಇಲ್ಲದ, ಗುಂಪಾಗಿ ಬರುವ ಬೆಳ್ಳಿ ಮೀನು. ನಮಗೆ ಬೂತಾಯಿ ಹೇಗೋ ಅವರಿಗೆ ಅದು. ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ಅದರ ಹಿಂದೆ ಕಾಡ್ ಬರುತ್ತದೆ, ತಿಮಿಂಗಿಲ ಬರುತ್ತದೆ, ಮೇಲಿನಿಂದ ಹಕ್ಕಿ ಎರಗುತ್ತದೆ, ಹಕ್ಕಿ ನೋಡಿ ದೋಣಿ ಹೋಗುತ್ತದೆ. ನೀವೂ ಹಕ್ಕಿ ನೋಡಿಯೇ ಬಲೆ ಬಿಡುವುದಲ್ವಾ?

1986ರ ಸುಮಾರಿಗೆ ಲೊದ್ದೆ ಬರಲಿಲ್ಲ. ಅಲ್ಲಿನ ಕಡಲು, ಇಡೀ ಬ್ಯಾರೆಂಟ್ಸ್ ಸಮುದ್ರದಲ್ಲಿ ಇಲ್ಲವಾಯಿತು. ಆ ಚಳಿಗಾಲದಲ್ಲಿ ಗಿಲ್ಲೆಮಾಟ್‌ಗಳು ಹಸಿವಿನಿಂದ ರಾಶಿ ರಾಶಿ ಸತ್ತವು. ಕೆಲವು ಬಂಡೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹಕ್ಕಿ ಮರುವರ್ಷ ವಾಪಸ್ ಬರಲೇ ಇಲ್ಲ. ಹಸಿದ ಸೀಲ್‌ಗಳು ದಂಡುಗಟ್ಟಿ ನಾರ್ವೆಯ ದಡಕ್ಕೆ ಬಂದು ಮೀನುಗಾರರ ಬಲೆಗೆ ಸಿಕ್ಕಿ ಸಾವಿರಾರು ಸತ್ತವು. ಬೋಟುಗಳು ಜಾಸ್ತಿ ಹಿಡಿದದ್ದು ಕಾರಣ ಅಂತ ಕೆಲವರು, ಹೆರಿಂಗ್ ಮೀನು ಲೊದ್ದೆಯ ಮರಿ ತಿಂದದ್ದು ಅಂತ ಕೆಲವರು. ಎರಡರಲ್ಲೂ ಹುರುಳಿದೆ. ಕೆಲವು ವರ್ಷ ಲೊದ್ದೆ ಹಿಡಿಯುವುದನ್ನೇ ನಿಲ್ಲಿಸಿದರು. ಮೀನು ನಿಧಾನವಾಗಿ ವಾಪಸ್ ಬಂತು. ಹೋರ್ನೋಯಾದ ಗಿಲ್ಲೆಮಾಟ್‌ಗಳೂ ಚೇತರಿಸಿಕೊಂಡವು, ನಾನು ನೋಡಿದ ಜನಜಂಗುಳಿ ಅದೇ. ಎಲ್ಲ ಬಂಡೆಗಳಿಗೆ ಆ ಅದೃಷ್ಟ ಇರಲಿಲ್ಲ.

ನಮ್ಮ ಕಡೆ ಬೂತಾಯಿ ಬಾರದ ವರ್ಷಗಳು ನಿಮಗೆ ನೆನಪಿವೆ. ಆಗ ನಮ್ಮಲ್ಲೂ ಇದೇ ಜಗಳ, ಲೈಟ್ ಹಾಕಿ ಹಿಡಿದವರ ತಪ್ಪಾ, ಮರಿಮೀನು ಹಿಡಿದವರದ್ದಾ, ಕಡಲು ಬಿಸಿಯಾದದ್ದಾ ಅಂತ. ಮೀನು ಬಾರದಿದ್ದಾಗ ಯಾರನ್ನಾದರೂ ಹಿಡಿದುಕೊಳ್ಳಲೇಬೇಕು ಅನ್ನಿಸುತ್ತದೆ.

ವಾರ್ಡೋದಲ್ಲಿ ಅದರ ಹಳೆಯ ರೂಪ ಒಂದಿದೆ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1617ರ ಕ್ರಿಸ್‌ಮಸ್ ಹಿಂದಿನ ದಿನ ಒಮ್ಮೆಲೇ ಬಿರುಗಾಳಿ ಎದ್ದಿತು. ಹತ್ತು ದೋಣಿ, ನಲವತ್ತು ಗಂಡಸರು ಹೋದರು. ಕೆಲವು ವರ್ಷದ ಮೇಲೆ, 1621ರಲ್ಲಿ, ಆ ಗಾಳಿ ಎಬ್ಬಿಸಿದ್ದು ಇವರು ಅಂತ ಊರಿನ ಹೆಂಗಸರ ಮೇಲೆ ಮಾಟದ ಆರೋಪ ಬಂತು. ಗಾಳಿಗೆ ಗಂಟು ಹಾಕಿದರು, ಮೀನನ್ನು ದಡದಿಂದ ಓಡಿಸಿದರು, ಇಂಥ ಆರೋಪಗಳು. ಆ ಶತಮಾನದಲ್ಲಿ ಆ ಸೀಮೆಯಲ್ಲಿ 91 ಜನರನ್ನು ಹೀಗೆ ಕೊಂದರು, 77 ಹೆಂಗಸರು, 14 ಗಂಡಸರು. ಹೆಚ್ಚಿನವರನ್ನು ಸುಟ್ಟರು. 2011ರಲ್ಲಿ ಕಡಲ ದಡದಲ್ಲೇ ಅವರ ನೆನಪಿಗೆ ಒಂದು ಉದ್ದನೆಯ ಓಣಿಯಂಥ ಕಟ್ಟಡ ಕಟ್ಟಿದರು. ಪೀಟರ್ ಜುಮ್ಥೋರ್ ಎಂಬ ವಾಸ್ತುಶಿಲ್ಪಿಯದು. ಒಳಗೆ ಕತ್ತಲು. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕಿಟಕಿ, ಕಿಟಕಿಗೊಂದು ಬಲ್ಬು, ಪಕ್ಕದಲ್ಲಿ ಅವರ ಹೆಸರು ಮತ್ತು ವಿಚಾರಣೆಯಲ್ಲಿ ಅವರ ಮೇಲೆ ಹೊರಿಸಿದ್ದು. ನಾರ್ವೆ ಭಾಷೆಯಲ್ಲಿತ್ತು, ಮಗಳು ಓದಿ ಹೇಳುತ್ತಾ ಬಂದಳು. ಮೂರನೇ ಕಿಟಕಿಯ ಮೇಲೆ ನಿಲ್ಲಿಸಿದಳು. ಉಳಿದ ದಾರಿ ಸುಮ್ನೆ ನಡೆದೆವು. ನನ್ನಜ್ಜಿಯೂ ಗಾಳಿಯ ದಿನ ದಡದಲ್ಲಿ ನಿಂತು ಏನೋ ಗೊಣಗುತ್ತಿದ್ದರು. ಗಂಡ ಕಡಲಿಗೆ ಹೋದ ಹೆಂಗಸು ಗೊಣಗದೆ ಇರುತ್ತಾಳಾ?

ಒಬ್ಬ ಹುಡುಗ ಕೈ ಎತ್ತಿದ್ದಾನೆ. ಹೇಳಪ್ಪಾ. ... ಆ ಹಕ್ಕಿಗಳು ಇಲ್ಲಿಗೆ ಬರುತ್ತವಾ? ಕಿಟ್ಟಿವೇಕ್ ಬರುವುದಿಲ್ಲ, ಅದು ಚಳಿಗಾಲವನ್ನು ಅಟ್ಲಾಂಟಿಕ್‌ನ ನಡುನೀರಿನಲ್ಲೇ ಕಳೆಯುತ್ತದೆ. ಆದರೆ ನಮ್ಮ ಬಂದರಿನಲ್ಲಿ ನವೆಂಬರ್ ನಂತರ ದೊಡ್ಡ ಕಡಲ ಹಕ್ಕಿಗಳು ಬಂದು ಮೀನಿನ ತ್ಯಾಜ್ಯಕ್ಕೆ ಕಚ್ಚಾಡುತ್ತವಲ್ಲ, ಬೂದು ಬೆನ್ನಿನವು. ಅವುಗಳಲ್ಲಿ ಹಾಯ್ಗ್ಲಿನ್ಸ್ ಗಲ್ ಅಂತ ಒಂದಿದೆ. ಅದು ಮರಿ ಮಾಡುವುದು ಉತ್ತರ ರಷ್ಯಾದ ಮರವಿಲ್ಲದ ಬಯಲಿನಲ್ಲಿ, ವಾರ್ಡೋದಿಂದ ಪೂರ್ವಕ್ಕೆ ನೋಡಿದರೆ ಆ ಕಡೆ. ಅಂದರೆ ನಾನು ವಿಮಾನ ಹತ್ತಿ ಹೋದ ಮೂಲೆಯಿಂದ ಅದು ವರ್ಷ ವರ್ಷ ಇಲ್ಲಿಗೆ ಹಾರಿ ಬರುತ್ತದೆ. ಟಿಕೆಟ್ ಇಲ್ಲ, ಊರಿನ ಹೆಸರು ತಪ್ಪಾಗುವುದೂ ಇಲ್ಲ.

2023ರ ಜುಲೈನಲ್ಲಿ ಮಗಳು ಒಂದು ಫೋಟೋ ಕಳಿಸಿದಳು. ಅದೇ ಎಕ್ಕೆರೋಯ್. ಹಕ್ಕಿಜ್ವರ ಬಂದಿತ್ತು. ವಾಡ್ಸೋ ಸುತ್ತಮುತ್ತ ಸಾವಿರಾರು ಕಿಟ್ಟಿವೇಕ್ ಸತ್ತವು. ರಸ್ತೆಯಲ್ಲಿ, ಅಂಗಳದಲ್ಲಿ, ದಡದಲ್ಲಿ. ಮೈಮುಚ್ಚುವ ಬಿಳಿ ಬಟ್ಟೆ, ಮಾಸ್ಕ್ ಹಾಕಿದ ಕೆಲಸದವರು ಚೀಲಕ್ಕೆ ತುಂಬುತ್ತಿದ್ದರು. ಅದಕ್ಕೂ ಎರಡು ವರ್ಷ ಮೊದಲೇ, 2021ರಲ್ಲಿ, ನಾರ್ವೆಯವರು ಕಿಟ್ಟಿವೇಕ್ ಮತ್ತು ಪಫಿನ್ ಎರಡನ್ನೂ ಅಳಿವಿನಂಚಿನ ಪಟ್ಟಿಗೆ ಹಾಕಿದ್ದರು. ಗಿಲ್ಲೆಮಾಟ್ ಅದಕ್ಕಿಂತಲೂ ಮೇಲಿನ ಅಪಾಯದ ಪಟ್ಟಿಯಲ್ಲಿ ಇತ್ತು. ಬಂಡೆ ಬಿಟ್ಟ ಕಿಟ್ಟಿವೇಕ್‌ಗಳು ಕೆಲವು ಪಟ್ಟಣಗಳಲ್ಲಿ ಕಿಟಕಿಯ ಸಜ್ಜಾದ ಮೇಲೆ ಗೂಡು ಕಟ್ಟುತ್ತಿವೆ. ಬೈಯುವವರೂ ಇದ್ದಾರೆ, ಗೋಡೆ ಗಲೀಜು ಅಂತ. ಕೆಲವು ಊರಿನವರು ಅವುಗಳಿಗೆ ಅಂತಲೇ ಹಲಗೆ ಹೊಡೆದ ಗೋಪುರ ಕಟ್ಟಿ ಕೊಟ್ಟಿದ್ದಾರೆ, 'ಕಿಟ್ಟಿವೇಕ್ ಹೋಟೆಲ್' ಅಂತ ಕರೆಯುತ್ತಾರೆ.

ನಾನು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹಿಂದೆ ಬಂಡೆ ಕಾಣುತ್ತಿತ್ತು. ಹುಲ್ಲು ಕದ್ದ ಗೂಡು ಯಾವ ಕಡೆ ಇತ್ತು ಅಂತ ಹುಡುಕಿದೆ. ಫೋನಿನಲ್ಲಿ ಅದೆಲ್ಲ ಗೊತ್ತಾಗುವುದಿಲ್ಲ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಅಡುಗೆ ಹೇಗೆ ಅಂತ ಕೇಳಿದವರಿಗೆ: ಆ ತುಂಡನ್ನು ಐದಾರು ದಿನ ತಣ್ಣೀರಿನಲ್ಲಿ ನೆನೆಸಬೇಕು, ದಿನಾ ನೀರು ಬದಲಾಯಿಸಬೇಕು. ನಾನು ಮೊದಲ ಸಲ ಒಂದೇ ರಾತ್ರಿ ನೆನೆಸಿ ಕೊಬ್ಬರಿ ಮಸಾಲೆ ಹಾಕಿ ಸಾರು ಮಾಡಿದೆ. ಸಾರು ಚೆನ್ನಾಗಿತ್ತು, ಮೀನು ಮಾತ್ರ ಕತ್ತಿಗೂ ಬಗ್ಗಲಿಲ್ಲ.

ಆ ತುಂಡು ವಾಪಸ್ ಕೊಡಿ. ಎಲ್ಲಿಗೆ ಬಂತು ಅದು? ... ಹಾಂ. ಇದರ ಒಂದು ಮೂಲೆ ಇಲ್ಲ. ಯಾರೋ ಕಚ್ಚಿ ನೋಡಿದ್ದೀರಿ.